ದುಡ್ಡು ನಮ್ಮದು, ಬೀಗದ ಕೈ ಅವರದು

ಹೊಸ ಫೋನಿನ ಡಬ್ಬ ಬಿಚ್ಚಿದ ಕೂಡಲೇ ನಾವು ಮಾಡುವ ಮೊದಲ ಕೆಲಸ, ಒಂದು ಸಾಲನ್ನೂ ಓದದೆ ಕರಾರಿಗೆ ಒಪ್ಪಿಗೆ ಒತ್ತುವುದು. ಬೇಡದ ಆ್ಯಪ್‌ಗಳು ಅದರೊಳಗೆ ಮೊದಲೇ ಬಂದು ಕೂತಿರುತ್ತವೆ; ತೆಗೆಯಲು ನೋಡುತ್ತೇವೆ, ಬರುವುದಿಲ್ಲ, ಸುಮ್ಮನಾಗುತ್ತೇವೆ. ಇಪ್ಪತ್ತು ಸಾವಿರ ಎಣಿಸಿ ಕೊಟ್ಟು ತಂದ ವಸ್ತುವಿನಿಂದ ನನಗೆ ಬೇಡದ್ದನ್ನು ತೆಗೆಯಲು ಯಾಕೆ ಬಿಡುತ್ತಿಲ್ಲ ಎಂದು ಅಂಗಡಿಯವನನ್ನೂ ಕೇಳುವುದಿಲ್ಲ, ಕಂಪನಿಯನ್ನೂ ಕೇಳುವುದಿಲ್ಲ. ಆಮೇಲೆ ಎರಡು ವರ್ಷ ಬೈಯುತ್ತೇವೆ. ಬಸ್ಸಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಬೈಯುತ್ತೇವೆ. ಬೈದು ಮುಗಿದ ಮೇಲೆ ಅದೇ ಕಂಪನಿಯ ಮುಂದಿನ ಮಾಡೆಲ್ಲಿಗೆ ಇಎಂಐ ಬರೆಸುತ್ತೇವೆ.

ತಂತ್ರಜ್ಞಾನ ಕಂಪನಿಗಳ ದುರಾಸೆಯ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಆ ದುರಾಸೆ ಕಾಲೂರಿ ನಿಂತಿರುವುದು ನಮ್ಮ ಸೋಮಾರಿತನದ ಮೇಲೆ. ಈ ಮಾತು ಕಟುವಾಗಿ ಕೇಳಿಸಿದರೆ ಕೇಳಿಸಲಿ. ಗಿರಾಕಿ ಪ್ರಶ್ನೆ ಕೇಳುವುದಿಲ್ಲ, ದೂರು ಕೊಡುವುದಿಲ್ಲ, ಕೆಟ್ಟರೆ ಹೊಸದು ಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ಇವತ್ತು ಎಷ್ಟೋ ವ್ಯಾಪಾರ ನಡೆದಿದೆ. ಆ ನಂಬಿಕೆಯನ್ನು ವರ್ಷ ವರ್ಷವೂ ಉಳಿಸಿಕೊಡುತ್ತಿರುವವರು ನಾವು.

ತುಮಕೂರಿನಲ್ಲಿ ನೆಂಟರ ಮನೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಡುಗೆಮನೆಯ ಗೋಡೆಯ ಮೇಲಿದ್ದ ವಾಟರ್ ಫಿಲ್ಟರ್ ಕೆಂಪು ದೀಪ ಹತ್ತಿಸಿಕೊಂಡು ನಿಂತುಬಿಟ್ಟಿತ್ತು. ನಲ್ಲಿಯಲ್ಲಿ ನೀರಿತ್ತು, ಕರೆಂಟಿತ್ತು, ಪಂಪು ಕೆಟ್ಟಿರಲಿಲ್ಲ. ಆದರೂ ಮೆಷಿನ್ ಒಂದು ಲೋಟ ನೀರು ಶುದ್ಧ ಮಾಡಲು ಒಪ್ಪಲಿಲ್ಲ. ಕ್ಯಾಂಡಲ್ ಬದಲಿಸುವ ಕಾಲ ಬಂದಿದೆ ಎಂದು ಅದು ತೀರ್ಮಾನಿಸಿತ್ತು. ಕಸ್ಟಮರ್ ಕೇರಿಗೆ ಫೋನ್ ಮಾಡಿದರು, ಮನೆಯಲ್ಲಿ ಎರಡು ದಿನ ನೀರು ಕಾಯಿಸಿ ಕುಡಿದರು, ಆಮೇಲೆ ಸರ್ವಿಸ್ ಹುಡುಗ ಬಂದ. ಕವರ್ ಬಿಚ್ಚಿ, ಕ್ಯಾಂಡಲ್ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ಹೊಸ ಕ್ಯಾಂಡಲ್ ಸ್ಟಾಕ್ ಇಲ್ಲ, ಇದೇ ಇನ್ನೂ ಮೂರು ತಿಂಗಳು ಬರುತ್ತೆ ಎಂದು ಹೇಳಿ ಅದನ್ನೇ ಮತ್ತೆ ಕೂರಿಸಿದ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸಿದ. ಹಸಿರು ದೀಪ ಬಂತು. ಮೆಷಿನ್ ನೀರಿನ ಕೊಳೆಯನ್ನು ಅಳೆಯುತ್ತಿರಲಿಲ್ಲ, ಕಳೆದ ಗಂಟೆಗಳನ್ನು ಎಣಿಸುತ್ತಿತ್ತು. ಆ ಎಣಿಕೆಯನ್ನು ಸೊನ್ನೆಗೆ ತರುವ ಗುಂಡಿ ಯಾವುದು ಎಂಬ ಗುಟ್ಟು ಯಜಮಾನರಿಗೆ ಕೊಟ್ಟ ಪುಸ್ತಕದಲ್ಲಿ ಇರಲಿಲ್ಲ.

ಆರುನೂರು ರೂಪಾಯಿ ಕೊಟ್ಟರು. ಬಿಲ್ ಎಲ್ಲಪ್ಪ ಎಂದು ನಾನು ಕೇಳಿದ್ದಕ್ಕೆ ಹುಡುಗ, "ಬಿಲ್ ಬೇಕು ಅಂದ್ರೆ ಜಿಎಸ್‌ಟಿ ಬೀಳುತ್ತೆ ಸಾರ್" ಅಂದ. ಮನೆಯ ಯಜಮಾನರು ನನ್ನ ತೋಳು ಹಿಡಿದು, "ಬಿಡು ಮಾರಾಯ, ಪಾಪ ಬಿಸಿಲಲ್ಲಿ ಬಂದಿದಾನೆ, ನೀರು ಬಂತಲ್ಲ ಸಾಕು" ಅಂದರು.

ಹುಡುಗನ ಮೇಲೆ ಕನಿಕರ ಇರಬೇಕಾದದ್ದೇ. ಅವನು ಅಪರಾಧಿಯಲ್ಲ. ಆದರೆ ಆ ಕನಿಕರದ ಹಿಂದೆ ಅಡಗಿಕೊಂಡಿರುವವರು ಯಾರು? ಗಂಟೆ ಎಣಿಸುವ ಯಂತ್ರ ಮಾಡಿದವರು ಬಿಸಿಲಿಗೆ ಬರುವುದಿಲ್ಲ. ಅವರ ಪರವಾಗಿ ಬೈಸಿಕೊಳ್ಳಲು ತಿಂಗಳ ಸಂಬಳದ ಹುಡುಗನೊಬ್ಬನನ್ನು ಕಳಿಸಿರುತ್ತಾರೆ. ಅವನ ಮುಖ ನೋಡಿ ನಾವು ಕರಗುತ್ತೇವೆ, ಬಿಲ್ ಬಿಡುತ್ತೇವೆ. ಬಿಲ್ಲಿಲ್ಲದೆ ಹೋದರೆ ಆ ಭೇಟಿಯೇ ನಡೆದಿಲ್ಲ, ಆರುನೂರು ರೂಪಾಯಿ ಕೈ ಬದಲಾಗಿಯೇ ಇಲ್ಲ. ನಾಳೆ ಯಾರ ಮುಂದೆ ಏನೆಂದು ದೂರುತ್ತೀರಿ? ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬರೆದಿಟ್ಟಿದೆ. ಕಾಯಿದೆ ಮಾಡಿದವರು ನಮಗಾಗಿ ಅಷ್ಟು ಮಾಡಿದರು. ನಾವು ನಮಗಾಗಿ ಒಂದು ಚೀಟಿ ಕೇಳಲು ನಾಚುತ್ತೇವೆ.

ಹೊಲ ಮಾರಿ ದುಡ್ಡು ಎಣಿಸಿಕೊಂಡ ಮೇಲೂ ಬಾವಿಯ ಹಗ್ಗವನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು, ನೀರು ಬೇಕಾದಾಗ ಬಾಡಿಗೆ ಕೊಟ್ಟು ಒಯ್ಯಿ ಎನ್ನುವವನನ್ನು ಯಾವ ಊರು ಸುಮ್ಮನೆ ಬಿಡುತ್ತಿತ್ತು? ಯಂತ್ರದೊಳಗೆ ಚಿಪ್ ಸೇರಿದ ಮೇಲೆ ಅದೇ ವ್ಯವಹಾರವನ್ನು ಎಲ್ಲರೂ ಒಪ್ಪಿಕೊಂಡಿದ್ದೇವೆ.

ಪ್ರಿಂಟರ್‌ಗಳ ಕತೆ ನೋಡಿ. 2016ರ ಸೆಪ್ಟೆಂಬರ್ 13ರಂದು ಎಚ್‌ಪಿ ಕಂಪನಿಯ ಹಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆಯವರು ಮಾಡಿದ ಕಾರ್ಟ್ರಿಜ್‌ಗಳನ್ನು ಒಮ್ಮೆಗೇ ನಿರಾಕರಿಸಿದವು. ಹಿಂದಿನ ದಿನದವರೆಗೆ ಅದೇ ಇಂಕಿನಲ್ಲಿ ಅಚ್ಚೊತ್ತುತ್ತಿದ್ದ ಯಂತ್ರಗಳು ಅವು. ತಿಂಗಳುಗಳ ಹಿಂದೆಯೇ ಕಳಿಸಿದ್ದ ಅಪ್‌ಡೇಟಿನೊಳಗೆ ಆ ತಾರೀಖು ಕೂತಿತ್ತು. ಜನ ಸಿಟ್ಟಿಗೆದ್ದರು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಅಮೆರಿಕದ ಸಂಸ್ಥೆ ಬಹಿರಂಗ ಪತ್ರ ಬರೆಯಿತು, ಸಾವಿರಾರು ಮಂದಿ ಅದಕ್ಕೆ ಸಹಿ ಹಾಕಿದರು. ಎರಡೇ ವಾರದಲ್ಲಿ ಕಂಪನಿ ಕ್ಷಮೆ ಕೇಳಿ, ಆ ತಡೆಯಿಲ್ಲದ ಅಪ್‌ಡೇಟ್ ಬೇಕಾದವರು ಹಾಕಿಕೊಳ್ಳಬಹುದು ಎಂದಿತು. ಪದ್ಧತಿಯನ್ನೇನೂ ಕೈಬಿಡಲಿಲ್ಲ. ಹಾಗಾಗಿ ಜನರೂ ಬಿಡಲಿಲ್ಲ. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅದೇ ಕಂಪನಿಗೆ ಒಂದು ಕೋಟಿ ಯೂರೋ ದಂಡ ಹಾಕಿತು. ಬೇರೆ ಇಂಕಿಗೆ ತಡೆಯಿದೆ ಎಂಬುದನ್ನು ಕೊಳ್ಳುವವರಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂಬುದು ಅಲ್ಲಿದ್ದ ದೂರು.

ಸಿರಿಂಜಿನಲ್ಲಿ ಇಂಕ್ ತುಂಬಿಸಿ ಊರಿಗೆಲ್ಲ ಅರ್ಜಿ, ಪಹಣಿ, ಹಾಲ್ ಟಿಕೆಟ್ ಅಚ್ಚು ಹಾಕಿಕೊಟ್ಟ ಜೆರಾಕ್ಸ್ ಅಂಗಡಿಗಳು ನಮ್ಮ ಪ್ರತಿ ತಾಲ್ಲೂಕು ಕಚೇರಿಯ ಎದುರಿಗೂ ಇವೆ. ಪ್ರಿಂಟರ್ ಬೇರೆ ಕಾರ್ಟ್ರಿಜ್ ಒಪ್ಪದೇ ಹೋದಾಗ ಮೊದಲು ಪೆಟ್ಟು ಬೀಳುವುದು ಅವರ ಹೊಟ್ಟೆಗೆ. ಅವರಿಗಾಗಿ ಎಷ್ಟು ವ್ಯಾಪಾರಿ ಸಂಘಗಳು ಒಂದು ಮನವಿಪತ್ರ ಬರೆದಿವೆ? ಅಂಗಡಿಯವರೇ ಆದರೂ ಎಷ್ಟು ಜನ ಬರೆದಿದ್ದಾರೆ? ಪ್ರಿಂಟರನ್ನು ಅಟ್ಟಕ್ಕೆ ಹಾಕಿ ಇನ್ನೊಂದು ತಂದವರೇ ಹೆಚ್ಚು.

ಅಟ್ಟಕ್ಕೆ ಹಾಕುವುದು ನಮ್ಮ ಸ್ವಭಾವವಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಇವತ್ತಿಗೂ ರೈತ ಅದನ್ನು ವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಕರಕಲಾದ ತಂತಿ ಬಿಚ್ಚಿ, ಹೊಸ ತಾಮ್ರ ಸುತ್ತಿ, ಅದೇ ಮೋಟಾರನ್ನು ಮತ್ತೆ ಇಳಿಸುತ್ತಾರೆ. ಮಿಕ್ಸಿ, ಫ್ಯಾನು, ಹೊಲಿಗೆ ಮೆಷಿನ್ನು, ರೇಡಿಯೋ ಎಲ್ಲಕ್ಕೂ ನಮ್ಮ ಮನೆಗಳಲ್ಲಿ ಎರಡನೇ, ಮೂರನೇ ಆಯುಷ್ಯ ಇರುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಕಿರಿದಾದ ಮಳಿಗೆಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬೋರ್ಡಿಟ್ಟುಕೊಂಡು, ಸಾಸಿವೆಗಿಂತ ಸಣ್ಣ ಬಿಡಿಭಾಗವನ್ನು ಚಿಮಟದಲ್ಲಿ ಹಿಡಿದು ಬೆಸುಗೆ ಹಾಕುವ ಹುಡುಗರಿದ್ದಾರೆ. ಕೈಚಳಕಕ್ಕೆ ಕೊರತೆಯಿಲ್ಲ. ಅವರಿಗೆ ಸಿಗದಿರುವುದು ಬಿಡಿಭಾಗ, ಸರ್ಕ್ಯೂಟಿನ ನಕ್ಷೆ, ಮತ್ತು ಬದಲಿಸಿದ ಭಾಗವನ್ನು ಒಪ್ಪಿಕೋ ಎಂದು ಫೋನಿಗೆ ಹೇಳುವ ಸಾಫ್ಟ್‌ವೇರ್.

2021ರಲ್ಲಿ ಐಫೋನ್ 13 ಬಂದಾಗ ಇದು ಬಯಲಾಯಿತು. ಒಡೆದ ಸ್ಕ್ರೀನನ್ನು ಹೊರಗಿನ ಅಂಗಡಿಯಲ್ಲಿ ಬದಲಿಸಿದರೆ ಮುಖ ಗುರುತಿಸುವ ಫೇಸ್ ಐಡಿ ಕೆಲಸ ನಿಲ್ಲಿಸುತ್ತಿತ್ತು. ಹಳೆಯ ಸ್ಕ್ರೀನಿನ ಪುಟ್ಟ ಚಿಪ್ಪನ್ನು ಕಿತ್ತು ಹೊಸದಕ್ಕೆ ಬೆಸೆದರೆ ಮಾತ್ರ ಉಳಿಯುತ್ತಿತ್ತು. ರಿಪೇರಿಯವರೂ ಬಳಕೆದಾರರೂ ಗಲಾಟೆ ಎಬ್ಬಿಸಿದರು, ಅದೇ ವರ್ಷ ಕಂಪನಿ ಸಾಫ್ಟ್‌ವೇರ್ ಬದಲಿಸಿ ಆ ತಡೆ ತೆಗೆಯಿತು. 2024ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ, ಬಿಡಿಭಾಗಗಳನ್ನು ಹೀಗೆ ಸಾಫ್ಟ್‌ವೇರಿನಿಂದ ಕಟ್ಟಿಹಾಕುವುದನ್ನೇ ಕಾನೂನಿನಿಂದ ತಡೆಯಿತು. ಅದಕ್ಕೂ ಹಿಂದೆ, 2017ರ ಡಿಸೆಂಬರಿನಲ್ಲಿ, ಬ್ಯಾಟರಿ ಬದಲಿಸಿದ ಮೇಲೆ ತನ್ನ ಹಳೆಯ ಐಫೋನ್ ಮತ್ತೆ ಚುರುಕಾದದ್ದನ್ನು ಒಬ್ಬ ಬಳಕೆದಾರ ಗಮನಿಸಿದ. ಅಳೆದು ನೋಡಿ, ಅಳತೆಯನ್ನು ಜನರ ಮುಂದಿಟ್ಟ. ಬ್ಯಾಟರಿ ಹಳತಾದ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದೆ ಎಂದು ಆಪಲ್ ಒಪ್ಪಿಕೊಳ್ಳಬೇಕಾಯಿತು. ಫೋನ್ ತಾನಾಗಿ ಆಫ್ ಆಗಬಾರದು ಎಂದು ಹಾಗೆ ಮಾಡಿದ್ದೆ ಎಂಬುದು ಅದರ ಸಮರ್ಥನೆ. ಇರಬಹುದು, ಆದರೆ ಫೋನಿನ ಒಡೆಯನಿಗೆ ಯಾಕೆ ಹೇಳಲಿಲ್ಲ? ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು, ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿ ಆಯಿತು.

ನಮ್ಮಲ್ಲಿ ಫೋನ್ ನಿಧಾನವಾದರೆ ಏನು ಮಾಡುತ್ತೇವೆ? "ಹಳೇದಾಯ್ತು, ಎಕ್ಸ್‌ಚೇಂಜ್ ಆಫರ್ ಇದೆ" ಎನ್ನುತ್ತೇವೆ. ಅಳೆಯುವುದಿಲ್ಲ. ಬ್ಯಾಟರಿ ಬದಲಿಸಿ ನೋಡುವುದಿಲ್ಲ. ಇಷ್ಟೊಂದು ಎಂಜಿನಿಯರುಗಳಿರುವ ಬೆಂಗಳೂರಿನಿಂದ ಇಂಥ ಒಂದು ಪ್ರಶ್ನೆ ಮೊದಲು ಏಳಬೇಕಿತ್ತು. ಹಗಲೆಲ್ಲ ಇವೇ ಕಂಪನಿಗಳ ಕೋಡ್ ಬರೆದು, ಸಂಜೆ ಮನೆಗೆ ಬಂದು ತನ್ನದೇ ಟಿವಿಯಲ್ಲಿ ತೆಗೆಯಲಾಗದ ಜಾಹೀರಾತು ನೋಡುತ್ತಾ ಕೂರುವ ಎಂಜಿನಿಯರ್ ಬಗ್ಗೆ ನನಗೆ ಸ್ವಲ್ಪವೂ ಸಹಾನುಭೂತಿಯಿಲ್ಲ. ಏನು ನಡೆಯುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿರುವವರು ಅವರು.

ಎಲ್ಲ ಬೀಗವೂ ಕೆಟ್ಟದ್ದಲ್ಲ. ಕದ್ದ ಫೋನನ್ನು ಕಳ್ಳ ಬಳಸಲಾಗದಂತೆ ಮಾಡುವ ಬೀಗ ನಮ್ಮ ಕಾವಲಿಗಿದೆ. ಬ್ಯಾಂಕಿನ ಆ್ಯಪ್ ತಿದ್ದಿದ ಫೋನಿನಲ್ಲಿ ನಡೆಯದಿದ್ದರೆ ಅದಕ್ಕೂ ಒಂದು ಕಾರಣವಿದೆ. ಬೀಗ ಯಾರ ಮೇಲೆ, ಕೈ ಯಾರ ಬಳಿ ಎಂಬುದನ್ನು ನೋಡಬೇಕು. ಒಡೆಯ ತೆರೆಯಬಲ್ಲ ಬೀಗ ರಕ್ಷಣೆ. ಒಡೆಯನೇ ತೆರೆಯಲಾಗದ, ಕಂಪನಿ ಮಾತ್ರ ತೆರೆಯಬಲ್ಲ ಬೀಗ ವಸೂಲಿಯ ದಾರಿ. ಸುರಕ್ಷತೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಈ ವ್ಯತ್ಯಾಸ ಕೇಳದೆ ತಲೆದೂಗುವುದು ನಮಗೆ ಅಭ್ಯಾಸವಾಗಿದೆ.

ಅಮೆರಿಕದ ರೈತರು ತಲೆದೂಗಲಿಲ್ಲ. ಜಾನ್ ಡೀರ್ ಕಂಪನಿಯ ಟ್ರ್ಯಾಕ್ಟರು, ಕಟಾವು ಯಂತ್ರಗಳು ಕೆಟ್ಟರೆ ಡೀಲರ್ ಬಳಿಯಿರುವ ಸಾಫ್ಟ್‌ವೇರ್ ಇಲ್ಲದೆ ಎಷ್ಟೋ ರಿಪೇರಿ ಸಾಧ್ಯವಿರಲಿಲ್ಲ. ಬೆಳೆ ಹೊಲದಲ್ಲಿ ನಿಂತು ಕಾಯುತ್ತಿತ್ತು. ವರ್ಷಗಟ್ಟಲೆ ಶಾಸನಸಭೆಗಳ ಬಾಗಿಲು ಬಡಿದು, 2023ರಲ್ಲಿ ಕೊಲರಾಡೊ ರಾಜ್ಯದಲ್ಲಿ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾನೂನು ಮಾಡಿಸಿದರು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗವೇ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ನಮ್ಮ ಹೊಲಗಳಿಗೂ ಚಿಪ್ಪಿರುವ ಯಂತ್ರಗಳು ಇಳಿಯುತ್ತಿವೆ. ನಮ್ಮ ರೈತ ಸಂಘಗಳು ಬೆಂಬಲ ಬೆಲೆಗಾಗಿ ಹೆದ್ದಾರಿ ತಡೆಯಬಲ್ಲವು. ಟ್ರ್ಯಾಕ್ಟರಿನ ರಿಪೇರಿ ಹಕ್ಕೂ ಅವುಗಳ ಬೇಡಿಕೆ ಪಟ್ಟಿಗೆ ಸೇರಲಿ.

ಇಲ್ಲಿ ಯಾರೂ ಏನೂ ಮಾಡಲಾಗದು ಎನ್ನುವವರು ಒಂದು ಮೊಕದ್ದಮೆಯ ಚರಿತ್ರೆ ಓದಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ತನ್ನ ಆ್ಯಪ್‌ಗಳನ್ನು ಒಟ್ಟಾಗಿ ಹೇರುತ್ತಿದೆ ಎಂದು 2018ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟವರು ದೊಡ್ಡ ಉದ್ಯಮಿಗಳಲ್ಲ. ಮೂವರು ಯುವಜನರು, ಅವರಲ್ಲಿ ಒಬ್ಬರು ಕಾನೂನು ವಿದ್ಯಾರ್ಥಿ. ಆ ದೂರು ಬೆಳೆದು 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿಯ ದಂಡವಾಯಿತು. ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಭಾರತದ ಬಳಕೆದಾರರು ತಮ್ಮ ಫೋನಿನ ಹುಡುಕಾಟದ ಎಂಜಿನ್ನನ್ನು ತಾವೇ ಆರಿಸಿಕೊಳ್ಳಬಹುದು ಎಂದು 2023ರ ಜನವರಿಯಲ್ಲಿ ಗೂಗಲ್ ಘೋಷಿಸಬೇಕಾಯಿತು. ಆ ಆಯ್ಕೆ ಎದುರಿಗೆ ಬಂದಾಗ ನಿಮ್ಮ ಪೈಕಿ ಎಷ್ಟು ಜನ ನಿಂತು ಓದಿದಿರಿ? ಮೂವರು ವರ್ಷಗಟ್ಟಲೆ ಬಡಿದಾಡಿ ತಂದುಕೊಟ್ಟದ್ದನ್ನು ಒಂದು ಬೆರಳಲ್ಲಿ ತಳ್ಳಿ ಮುಂದೆ ಹೋದವರೇ ನಮ್ಮ ಸುತ್ತ ಕಾಣುತ್ತಾರೆ.

ಕನ್ನಡಿಗರಿಗೆ ಸಿಟ್ಟು ಬರುವುದಿಲ್ಲ ಎಂದಲ್ಲ. 2021ರ ಜೂನಿನಲ್ಲಿ ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಹುಡುಕಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ನಾಡಿಗೆ ನಾಡೇ ಎದ್ದಿತು. ಉತ್ತರವನ್ನು ಅಳಿಸಿ ಗೂಗಲ್ ಕ್ಷಮೆ ಕೇಳಿತು. ಆ ಸಿಟ್ಟು ನ್ಯಾಯವಾದದ್ದು, ಅದರ ಫಲವನ್ನೂ ಕಣ್ಣಾರೆ ಕಂಡೆವು: ನಾವು ಒಟ್ಟಾಗಿ ಕೂಗಿದರೆ ಎಂಥ ಕಂಪನಿಯೂ ಬಗ್ಗುತ್ತದೆ. ಈಗ ಇನ್ನೊಂದು ಸಂಗತಿ ನೆನಪು ಮಾಡಿಕೊಳ್ಳಿ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಇ-ಪುಸ್ತಕ ಓದುವ ತನ್ನ ಕಿಂಡಲ್ ಯಂತ್ರಕ್ಕೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಿತು, ಕನ್ನಡವನ್ನು ಬಿಟ್ಟಿತು. ಕೆಲವು ಲೇಖಕರು, ಓದುಗರು ದನಿ ಎತ್ತಿದರು. ನಾಡು ಏಳಲಿಲ್ಲ. ಬೈಗುಳಕ್ಕೆ ಎದ್ದ ಜನ ಬಳಕೆಯ ಹಕ್ಕಿಗೆ ಏಳುವುದಿಲ್ಲ. ಮಾನಕ್ಕೆ ಬಿದ್ದ ಪೆಟ್ಟು ಒಂದು ದಿನದಲ್ಲಿ ಮಾಯುತ್ತದೆ. ಓದಲು ಸಿಗದ ಪುಸ್ತಕ ಒಂದು ತಲೆಮಾರಿನ ನಷ್ಟ.

ಸಿಕ್ಕ ಪುಸ್ತಕವೂ ನಿಮ್ಮದಲ್ಲ ಎಂಬುದನ್ನು ಅದೇ ಕಿಂಡಲ್ 2009ರ ಜುಲೈನಲ್ಲಿ ತೋರಿಸಿತ್ತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬ ಕಾರಣಕ್ಕೆ ಜಾರ್ಜ್ ಆರ್ವೆಲ್ ಅವರ ಕಾದಂಬರಿಗಳನ್ನು, 'ನೈನ್‌ಟೀನ್ ಎಯ್ಟಿ ಫೋರ್' ಸೇರಿದಂತೆ, ಕೊಂಡವರ ಯಂತ್ರಗಳಿಂದ ದೂರದಲ್ಲೇ ಕೂತು ಅಳಿಸಿಹಾಕಲಾಯಿತು. ದುಡ್ಡು ವಾಪಸು ಬಂತು. ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು. ಆದರೆ ಆ ಕೈ ನಮ್ಮ ಮನೆಯೊಳಗಿನ ಕಪಾಟಿನವರೆಗೆ ಚಾಚಬಲ್ಲದು ಎಂಬುದು ಅಂದಿಗೇ ಗೊತ್ತಾಗಿತ್ತು. 2025ರ ಫೆಬ್ರುವರಿಯಲ್ಲಿ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನೂ ಅಮೆಜಾನ್ ತೆಗೆಯಿತು. ಮನೆಯಲ್ಲಿ ಅಜ್ಜ ಕೊಂಡ ಕಾದಂಬರಿಯನ್ನು ಮೊಮ್ಮಗಳು ಓದುವ ನಾಡಿನಲ್ಲಿ ಇದು ಸಣ್ಣ ವಿಷಯವಾದದ್ದು ಹೇಗೆ?

ಕಾನೂನು ನಮ್ಮ ಕೈಗೆ ಕೊಟ್ಟಿರುವುದನ್ನಾದರೂ ಬಳಸುತ್ತಿದ್ದೇವೆಯೇ? 2019ರ ಕಾಯಿದೆಯ ಪ್ರಕಾರ ಕಂಪನಿ ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಎಂದಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಎರಡು ವರ್ಷದ ಗಡುವಿದೆ. ದೂರು ಹಾಕುವ ಮುಂಚೆಯೇ 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಮೋಸಗೊಳಿಸುವ ಪರದೆಗಳು, ಬಲವಂತದ ಚಂದಾ, ರದ್ದು ಮಾಡಲು ಬಿಡದ ಜಾಲ ಇಂಥ 13 ಬಗೆಯ ಚಾಲಾಕಿಗಳನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೆಸರಿಸಿ ನಿಷೇಧಿಸಿತು. ನಮ್ಮ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಮುನ್ನ ತಿಳಿಸಲೇಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಇದೆ. ಆ ಸಂದೇಶ ಬಂದಾಗ ನೋಡದೆ ಅಳಿಸುವವರು ಆಮೇಲೆ ದುಡ್ಡು ಹೋಯಿತು ಎಂದು ಗೋಳಾಡಬಾರದು.

ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆ ಯಂತ್ರ, ವಾಹನ ಅದರ ವ್ಯಾಪ್ತಿಗೆ ಬರುತ್ತವೆ. ಒಂದು ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವ ಸೂಚ್ಯಂಕ ತರಬೇಕೆಂದು 2025ರ ಮೇ ತಿಂಗಳಲ್ಲಿ ಸಮಿತಿಯೊಂದು ವರದಿ ಸಲ್ಲಿಸಿತು. ಫ್ರಾನ್ಸಿನಲ್ಲಿ ಅಂಥ ಅಂಕ 2021ರಿಂದಲೇ ಅಂಗಡಿಯಲ್ಲಿ ಬೆಲೆಯ ಪಕ್ಕದಲ್ಲಿ ಕಾಣುತ್ತಿದೆ. ನಮ್ಮಲ್ಲಿ ಪೋರ್ಟಲ್ಲು, ವರದಿಗಳ ಆಚೆಗೆ ಕೆಲಸ ಸಾಗಬೇಕಾದರೆ ಯಾರಾದರೂ ಬೆನ್ನು ಹತ್ತಬೇಕು. ನಿಮ್ಮ ಸಂಸದರ ಬಳಿ ರೈಲು ನಿಲುಗಡೆ ಕೇಳಲು ನಿಯೋಗ ಹೋಗುತ್ತದಲ್ಲ, ಅದರ ಮನವಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಲು ಏನಡ್ಡಿ?

ಮನೆಗೊಂದು ಫೋನ್ ಕೊಳ್ಳುವವನ ಮಾತಿಗೆ ಅಂಗಡಿಯಲ್ಲಿ ಬೆಲೆಯಿಲ್ಲ ಎನ್ನುತ್ತೀರಿ. ಸರಿ. ಆದರೆ ಒಟ್ಟಿಗೆ ಕೊಳ್ಳುವವರೂ ನಮ್ಮ ನಡುವೆಯೇ ಇದ್ದಾರೆ. ಶಾಲಾ ಆಡಳಿತ ಮಂಡಳಿ ಟ್ಯಾಬ್ಲೆಟ್ ತರಿಸುತ್ತದೆ, ಸಹಕಾರ ಸಂಘ ಪ್ರಿಂಟರ್ ತರಿಸುತ್ತದೆ, ಅಪಾರ್ಟ್‌ಮೆಂಟಿನ ಸಂಘ ಕ್ಯಾಮೆರಾ, ಗೇಟಿನ ಆ್ಯಪ್, ನೀರಿನ ಮೀಟರ್ ಎಲ್ಲವನ್ನೂ ತರಿಸುತ್ತದೆ. ಲಕ್ಷಗಟ್ಟಲೆ ದುಡ್ಡಿನ ಆ ಕೊಟೇಶನ್ನುಗಳಲ್ಲಿ ನೋಡುವುದು ಕೊನೆಯ ಸಾಲಿನ ಮೊತ್ತವನ್ನು ಮಾತ್ರ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ, ಬ್ಯಾಟರಿಗೆ ಎಷ್ಟು, ಹೊರಗಿನ ಇಂಕ್ ಹಾಕಬಹುದೇ, ಕಂಪನಿಯ ಸರ್ವರ್ ನಿಂತರೆ ಕ್ಯಾಮೆರಾ ನಡೆಯುತ್ತದೆಯೇ, ಚಂದಾ ನಿಲ್ಲಿಸಿದರೆ ಹಳೆಯ ರೆಕಾರ್ಡಿಂಗ್ ಯಾರದು ಎಂದು ಒಬ್ಬರೂ ಕೇಳುವುದಿಲ್ಲ. ನೀವು ಅಂಥ ಸಮಿತಿಯೊಂದರಲ್ಲಿ ಇದ್ದರೆ ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಕಂಪನಿಯ ಉತ್ತರ ಲೆಟರ್‌ಹೆಡ್ಡಿನ ಮೇಲೆ, ಸಹಿಯೊಂದಿಗೆ ಬರುವವರೆಗೆ ಖಜಾಂಚಿ ಚೆಕ್ಕಿಗೆ ಸಹಿ ಹಾಕದಂತೆ ನೋಡಿಕೊಳ್ಳಿ.